ಲಾರಿಯ ಹೊಗೆ ಮತ್ತು ಕಾಯಕದ ಶುದ್ಧಿ

ಕಳೆದ ಕಾರ್ತಿಕ ಮಾಸದಲ್ಲಿ ಮಾರತ್ತಹಳ್ಳಿಯ ಸದ್ಭಕ್ತರೊಬ್ಬರ ಮನೆಗೆ ನಾವು ಹೋಗಬೇಕಾಗಿ ಬಂದಿತು. ಮೂಲತಃ ತಿಪಟೂರು ಕಡೆಯ ಕುಟುಂಬ. ತಂದೆಯವರ ಕಾಲದಲ್ಲಿ ಕೊಬ್ಬರಿಯ ವ್ಯಾಪಾರವಿತ್ತು. ಮಗನ ಕಾಲಕ್ಕೆ ಕೊಬ್ಬರಿಯನ್ನೂ ತೆಂಗಿನಕಾಯಿಯನ್ನೂ ಸಾಗಿಸುವ ಲಾರಿಯ ವ್ಯವಹಾರವಾಯಿತು. ಈಗ ಎರಡು ಲಾರಿಗಳಿವೆ. ಒಂದು ಹಳೆಯದು, ಇನ್ನೊಂದು ನಾಲ್ಕಾರು ವರ್ಷಗಳ ಹಿಂದೆ ಸಾಲ ಮಾಡಿ ಕೊಂಡದ್ದು. ಮನೆಯು ಹೊರ ವರ್ತುಲ ರಸ್ತೆಗೆ ಕೂಗಳತೆಯ ದೂರದಲ್ಲಿದೆ. ರಾತ್ರಿ ಹತ್ತಾದ ಮೇಲೆ ಮಾತನಾಡಬೇಕಾದರೆ ಕಿಟಕಿ ಮುಚ್ಚಬೇಕು. ಅಷ್ಟೊಂದು ಲಾರಿಗಳ ಸದ್ದು.

ಸಂಜೆ ಪೂಜೆಗೆ ಮೊದಲು ಆ ಮನೆಯ ವೃದ್ಧ ತಾಯಿಯವರು ಪೂಜೆಯ ಮಣೆಯನ್ನು ಬಿಳಿಯ ವಸ್ತ್ರದಿಂದ ಒರೆಸಿದರು. ವಸ್ತ್ರವು ಕಪ್ಪಾಯಿತು. “ಬೆಳಿಗ್ಗೆ ಒರೆಸಿದ್ದೆ ಗುರುಗಳೇ, ಸಂಜೆಗೆ ಮತ್ತೆ ಇಷ್ಟು ಮಸಿ” ಎಂದರು. ಅವರ ಪಕ್ಕದಲ್ಲಿ ಆರು ವರ್ಷದ ಮೊಮ್ಮಗು ಕುಳಿತಿತ್ತು. ಅದರ ಕೈಯಲ್ಲಿ ಆಟದ ಸಾಮಾನಿಗೆ ಬದಲಾಗಿ ಉಬ್ಬಸಕ್ಕೆ ಎಳೆದುಕೊಳ್ಳುವ ಔಷಧದ ಕೊಳವೆ ಇತ್ತು. ಆ ಮಸಿಯೆಲ್ಲವೂ ಲಾರಿಗಳದೇ ಎಂದು ಹೇಳುವುದು ನ್ಯಾಯವಲ್ಲ. ಕಾರುಗಳಿವೆ, ಬಸ್ಸುಗಳಿವೆ, ಮೆಟ್ರೊ ಕಂಬಗಳ ಕೆಲಸದ ಧೂಳಿದೆ, ಕಸ ಸುಡುವವರಿದ್ದಾರೆ. ಆದರೆ ಅದರಲ್ಲಿ ಲಾರಿಯ ಪಾಲೂ ಇದೆ ಎಂಬುದನ್ನು ಲಾರಿಯ ಅನ್ನ ಉಣ್ಣುವ ಆ ಮನೆಯವರೇ ಬಲ್ಲರು.

ಪ್ರಸಾದವಾದ ಬಳಿಕ ಮನೆಯ ಯಜಮಾನರು ಹತ್ತಿರ ಬಂದು ಕುಳಿತರು. “ಗುರುಗಳೇ, ತಮ್ಮನ್ನು ಒಂದು ಮಾತು ಕೇಳಬೇಕು. ಪೂಜೆಯ ಮಾತಲ್ಲ, ವ್ಯಾಪಾರದ ಮಾತು. ಕೇಳಬಹುದೋ ಕೂಡದೋ?” ಎಂದರು.

“ಪೂಜೆಯ ಮಣೆಯ ಮುಂದೆ ಆಡಲಾಗದ ವ್ಯಾಪಾರವನ್ನು ಪೇಟೆಯಲ್ಲಿಯೂ ಮಾಡಲಾಗದು. ಕೇಳಿರಿ” ಎಂದೆವು.

ಅವರ ಹೊಸ ಲಾರಿಗೆ ಡೀಸೆಲ್ಲಿನೊಂದಿಗೆ ಯೂರಿಯಾ ನೀರನ್ನೂ ತುಂಬಿಸಬೇಕು. ಚಾಲಕರು ಇದನ್ನು ಯೂರಿಯಾ ಎನ್ನುತ್ತಾರೆ. ಡಬ್ಬಿಯ ಮೇಲೆ ಡಿ.ಇ.ಎಫ್. ಎಂದು ಬರೆದಿರುತ್ತದೆ. ಅದು ಮುಗಿದರೆ ಲಾರಿಯು ಎಚ್ಚರಿಕೆ ಕೊಟ್ಟು, ಕಡೆಗೆ ತನ್ನ ಕಸುವನ್ನೇ ಕುಗ್ಗಿಸಿಕೊಳ್ಳುತ್ತದೆ. ಒಬ್ಬ ಮೆಕ್ಯಾನಿಕ್ ಇವರಿಗೆ ಉಪಾಯ ಹೇಳಿದ್ದನು: ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಒಳಗೆ ಜೋಡಿಸಿದರೆ, ಯೂರಿಯಾ ಇಲ್ಲದಿದ್ದರೂ ಇದೆಯೆಂದು ಅದು ಲಾರಿಯ ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ತಿಂಗಳಿಗೆ ಐದು ಸಾವಿರ ರೂಪಾಯಿ ಉಳಿಯುತ್ತದೆ. “ಲಾರಿಯ ಕಂತು ಕಟ್ಟಬೇಕು, ಬಾಡಿಗೆ ಏರುತ್ತಿಲ್ಲ, ಎಷ್ಟೋ ಜನ ಹಾಕಿಸಿಕೊಂಡಿದ್ದಾರೆ. ತಪ್ಪೇ ಗುರುಗಳೇ?” ಎಂದು ಕೇಳಿದರು.

ನಾವು ಆಗಲೇ ಉತ್ತರ ಹೇಳಲಿಲ್ಲ. ವಿಷಯವನ್ನು ತಿಳಿಯದೆ ಧರ್ಮ ಹೇಳುವುದು, ನಾಡಿ ನೋಡದೆ ಔಷಧ ಕೊಟ್ಟಂತೆ. ಸ್ವಲ್ಪ ಕಾಲ ಕೊಡಿರೆಂದು ಕೇಳಿ, ತಿಳಿದವರನ್ನು ವಿಚಾರಿಸಿ, ಓದಿ, ಅರ್ಥ ಮಾಡಿಕೊಂಡೆವು. ಹಾಗೆ ತಿಳಿದುದನ್ನು ನಮ್ಮ ಓದುಗ ಬಂಧುಗಳ ಮುಂದೆಯೂ ಇಡುವುದು ಯುಕ್ತವೆಂದು ತೋರಿತು. ಏಕೆಂದರೆ ನಮ್ಮ ಸಮಾಜದಲ್ಲಿ ಲಾರಿ ಇಟ್ಟವರು ಬಹಳ. 1976ರಲ್ಲಿ ಗದುಗಿನಲ್ಲಿ ಒಂದೇ ಒಂದು ಲಾರಿಯಿಂದ ಆರಂಭಿಸಿ, ಅದನ್ನು ದೇಶದ ದೊಡ್ಡ ಸರಕು ಸಾಗಣೆ ಸಂಸ್ಥೆಗಳಲ್ಲೊಂದನ್ನಾಗಿ ಬೆಳೆಸಿದ ವಿಜಯ ಸಂಕೇಶ್ವರರ ಉದಾಹರಣೆ ನಮ್ಮ ಕಣ್ಣ ಮುಂದಿದೆ. ಲಾರಿ ಇಲ್ಲದ ಮನೆಗಳಲ್ಲಿಯೂ ಲಾರಿ ತಂದ ಅಕ್ಕಿ ಬೇಯುತ್ತಿದೆ.

ಮೊದಲಿಗೆ, ಹೊಗೆಯಲ್ಲಿ ಎರಡು ಬಗೆಯ ಕೇಡುಗಳಿವೆ ಎಂಬುದನ್ನು ಬೇರ್ಪಡಿಸಿ ತಿಳಿಯಬೇಕು. ಒಂದು ನೆರೆಯವನ ಎದೆಗೆ ತಗಲುವ ಕೇಡು; ಇನ್ನೊಂದು ಇಡೀ ಭೂಮಿಗೆ ತಗಲುವ ಕೇಡು.

ನೆರೆಯವನ ಎದೆಗೆ ತಗಲುವುದು ಮಸಿಯ ಕಣ ಮತ್ತು ನೈಟ್ರೋಜನ್ ಆಕ್ಸೈಡ್ ಎಂಬ ಅನಿಲಗಳು. ಎಂಜಿನ್ನಿನ ಒಳಗಿನ ಮಹಾ ಶಾಖದಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದೊಡನೆ ಕೂಡಿ ಈ ಅನಿಲವಾಗುತ್ತದೆ. ಇದು ಶ್ವಾಸಕೋಶವನ್ನು ಕೆರಳಿಸುತ್ತದೆ; ಬಿಸಿಲಿನಲ್ಲಿ ಓಜೋನ್ ಆಗುವುದಕ್ಕೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಇದನ್ನು ತಡೆಯಲೆಂದೇ ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ ನಾಲ್ಕು, 2020ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ ಆರು ಎಂಬ ನಿಯಮಗಳು ಎಲ್ಲೆಡೆ ಜಾರಿಗೆ ಬಂದವು. ಡೀಸೆಲ್ಲಿನಲ್ಲಿ ಇರಬಹುದಾದ ಗಂಧಕವು ಹತ್ತು ಲಕ್ಷ ಭಾಗಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಭಾರಿ ಎಂಜಿನ್ನು ಒಂದು ಯೂನಿಟ್ ಶಕ್ತಿ ಕೊಡುವಾಗ ಬಿಡಬಹುದಾದ ನೈಟ್ರೋಜನ್ ಆಕ್ಸೈಡಿನ ಮಿತಿಯು 3.5 ಗ್ರಾಂನಿಂದ 0.4 ಗ್ರಾಂಗೆ ಇಳಿಯಿತು. ಎಂಟು ಪಾಲಿಗಿಂತ ಹೆಚ್ಚಿನ ಇಳಿಕೆ ಇದು.

ಈ ಇಳಿಕೆಯನ್ನು ಸಾಧಿಸುವುದೇ ಆ ಯೂರಿಯಾ ನೀರು. ಅದರಲ್ಲಿ ಶೇಕಡಾ 32.5 ಭಾಗ ಶುದ್ಧ ಯೂರಿಯಾ, ಉಳಿದುದು ಶುದ್ಧ ನೀರು. ಹೊಗೆಕೊಳವೆಯ ಬಿಸಿಗೆ ಅದು ಸಿಂಪಡಿಸಲ್ಪಟ್ಟು ಅಮೋನಿಯಾ ಆಗುತ್ತದೆ. ಆ ಅಮೋನಿಯಾವು ವಿಷದ ಅನಿಲವನ್ನು ನಾವು ಸದಾ ಉಸಿರಾಡುವ ಸಾಧಾರಣ ನೈಟ್ರೋಜನ್ ಮತ್ತು ನೀರಾವಿಯನ್ನಾಗಿ ಮಾರ್ಪಡಿಸುತ್ತದೆ. ಆ ಪುಟ್ಟ ಪೆಟ್ಟಿಗೆಯನ್ನು ಜೋಡಿಸಿದರೆ ಈ ಕ್ರಿಯೆ ನಿಂತುಹೋಗುತ್ತದೆ. ಲಾರಿಯ ಕಾಗದದಲ್ಲಿ ಭಾರತ್ ಸ್ಟೇಜ್ ಆರು ಎಂದಿರುತ್ತದೆ. ಹೊಗೆ ಮಾತ್ರ ಹಳೆಯ ಲಾರಿಯದು. ಕಾನೂನು ಇದನ್ನು ಒಪ್ಪುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಇದು ಯಂತ್ರದ ಬಾಯಲ್ಲಿ ನಾವೇ ಹಾಕಿದ ಸುಳ್ಳು. ಆ ಸುಳ್ಳಿನ ಬೆಲೆಯನ್ನು ರಸ್ತೆಯ ಬದಿಯ ಮನೆಯ ಮಗು ತೆರುತ್ತದೆ. ಆ ಮಗು ಇಲ್ಲಿ ಯಜಮಾನರದೇ ಆಗಿತ್ತು. ಬೇರೆ ಊರಿನಲ್ಲಿ ಅದು ಇನ್ನೊಬ್ಬರದು, ಅಷ್ಟೇ ಭೇದ.

ಎರಡನೆಯದು ಭೂಮಿಗೆ ತಗಲುವ ಕೇಡು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಒಂದು ಕಿಲೋ ಸಹ ತೂಗದ ದ್ರವದಿಂದ ಇಷ್ಟು ತೂಕ ಹೇಗೆ ಬಂದೀತೆಂದು ಸಂದೇಹ ಬರಬಹುದು. ಎಣ್ಣೆಯಲ್ಲಿರುವ ಇಂಗಾಲವು ಗಾಳಿಯಿಂದ ಆಮ್ಲಜನಕವನ್ನು ಸೆಳೆದುಕೊಂಡು ಕೂಡುವುದರಿಂದ ತೂಕ ಬೆಳೆಯುತ್ತದೆ. ಈ ಅನಿಲವು ಕೆಮ್ಮು ತರುವುದಿಲ್ಲ, ಮಸಿ ಹಿಡಿಸುವುದಿಲ್ಲ. ಆಕಾಶದಲ್ಲಿ ಉಳಿದು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಇದನ್ನು ಯಾವ ಯೂರಿಯಾ ನೀರೂ ತಡೆಯಲಾರದು. ಇದಕ್ಕೆ ಒಂದೇ ಮದ್ದು: ಅದೇ ಸರಕನ್ನು ಕಡಿಮೆ ಎಣ್ಣೆಯಲ್ಲಿ ಸಾಗಿಸುವುದು.

ಇಲ್ಲಿಗೆ ಬಂದಾಗ ನಮಗೆ ಒಂದು ಬೆಳಕು ಕಂಡಿತು. ಯಜಮಾನರ ಹೊಸ ಲಾರಿಯು ತಿಂಗಳಿಗೆ ಸುಮಾರು 8,000 ಕಿಲೋಮೀಟರ್ ಓಡುತ್ತದೆ. ಲೀಟರಿಗೆ ಸುಮಾರು 4 ಕಿಲೋಮೀಟರ್. ಎಂದರೆ ತಿಂಗಳಿಗೆ 2,000 ಲೀಟರ್ ಡೀಸೆಲ್, 5 ಟನ್ನಿಗೂ ಮಿಕ್ಕ ಇಂಗಾಲದ ಅನಿಲ. ಅದಕ್ಕೆ ಬೇಕಾದ ಯೂರಿಯಾ ನೀರು ಸುಮಾರು 80 ಲೀಟರ್. ಲೀಟರಿಗೆ 60 ರೂಪಾಯಿಯಂತೆ 4,800 ರೂಪಾಯಿ. ಮೆಕ್ಯಾನಿಕ್ ತೋರಿದ ಆಸೆ ಇದೇ. ಆದರೆ ಓಡಿಸುವ ಕ್ರಮವನ್ನು ತಿದ್ದಿಕೊಂಡು ನೂರಕ್ಕೆ ಐದು ಪಾಲು ಡೀಸೆಲ್ ಉಳಿಸಿದರೂ 100 ಲೀಟರ್ ಉಳಿಯಿತು. ಲೀಟರಿಗೆ 90 ರೂಪಾಯಿ ಹಿಡಿದರೆ 9,000 ರೂಪಾಯಿ. ಸುಳ್ಳಿನಿಂದ ಉಳಿಯುವುದಕ್ಕಿಂತ ಸತ್ಯದಿಂದ ಉಳಿಯುವುದೇ ಹೆಚ್ಚು! ಅದರ ಜೊತೆಗೆ 270 ಕಿಲೋ ಇಂಗಾಲದ ಅನಿಲವೂ ಆಕಾಶಕ್ಕೆ ಹೋಗದೆ ಉಳಿಯಿತು.

ಹಾಗಾದರೆ ಉಳಿಸುವ ಕ್ರಮ ಯಾವುದು? 1978ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು ದಶಕಗಳಿಂದ ಚಾಲಕರಿಗೆ ಹೇಳಿಕೊಡುತ್ತಾ ಬಂದಿರುವುದು ಹೊಸ ಮಾತುಗಳನ್ನಲ್ಲ.

ಮೊದಲನೆಯದು ವೇಗ. ಲಾರಿಯ ಎದುರು ಗಾಳಿಯು ಗೋಡೆಯಂತೆ ನಿಲ್ಲುತ್ತದೆ. ಆ ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುತ್ತದೆ. 60 ಕಿಲೋಮೀಟರ್ ವೇಗದಿಂದ 80ಕ್ಕೆ ಏರಿದರೆ ವೇಗ ಹೆಚ್ಚಿದ್ದು ಮೂರನೆಯ ಒಂದು ಪಾಲು. ಗಾಳಿಯ ತಡೆ ಹೆಚ್ಚಿದ್ದು ಮುಕ್ಕಾಲು ಪಾಲಿಗೂ ಮಿಗಿಲು. ಟಾರ್ಪಾಲು ಸಡಿಲವಾಗಿ ಪಟಪಟ ಬಡಿಯುತ್ತಿದ್ದರೆ ಅದೂ ಎಣ್ಣೆಯನ್ನು ಕುಡಿಯುತ್ತದೆ.

ಎರಡನೆಯದು ಟೈರಿನ ಗಾಳಿ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಹಿಸುಕಿಕೊಂಡು ಬಿಸಿಯಾಗುತ್ತದೆ. ಆ ಬಿಸಿಯೆಲ್ಲವೂ ನಮ್ಮ ಡೀಸೆಲ್ಲಿನದೇ. ವಾರಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿ ನೋಡಿಸುವುದಕ್ಕೆ ಹತ್ತು ನಿಮಿಷ ಸಾಕು.

ಮೂರನೆಯದು ನಿಂತಲ್ಲಿ ಎಂಜಿನ್ ಓಡಿಸುವುದು. ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಗಂಟೆಗೆ ಒಂದರಿಂದ ಮೂರು ಲೀಟರ್ ಡೀಸೆಲ್ ಹೀಗೆಯೇ ವ್ಯರ್ಥವಾಗುತ್ತದೆ. ಬೆಂಗಳೂರಿನಲ್ಲಿ ಭಾರಿ ವಾಹನಗಳಿಗೆ ವೇಳೆಯ ನಿರ್ಬಂಧವಿದೆ. ಊರ ಹೊರಗೆ ವೇಳೆಗಾಗಿ ಕಾಯುವ ಲಾರಿಗಳ ಎಂಜಿನ್ ಆರಿಸಿದ್ದರೆ ಎಷ್ಟೋ ಉಳಿಯುತ್ತದೆ.

ನಾಲ್ಕನೆಯದು ಖಾಲಿ ಓಟ. ತಿಪಟೂರಿನಿಂದ ತುಂಬಿ ಬಂದ ಲಾರಿ ಖಾಲಿಯಾಗಿ ಹಿಂದಿರುಗಿದರೆ, ಆ ಹಿಂದಿರುಗುವ ಎಣ್ಣೆಯೆಲ್ಲವೂ ಬಂದ ತೆಂಗಿನಕಾಯಿಯ ಲೆಕ್ಕಕ್ಕೇ ಸೇರಿತು. ಹಿಂದಿರುಗುವಾಗಲೂ ಸರಕು ಸಿಗುವಂತೆ ನಾಲ್ಕು ಜನ ಲಾರಿ ಮಾಲೀಕರು ಕೂಡಿ ಏರ್ಪಾಡು ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಉಳಿತಾಯವಿಲ್ಲ. ಆದರೆ ಉಳಿತಾಯದ ಹೆಸರಿನಲ್ಲಿ ಮಿತಿ ಮೀರಿ ಹೇರುವುದು ಸಲ್ಲದು. 2018ರಲ್ಲಿ ಸರ್ಕಾರವೇ ಹೇರುವ ಮಿತಿಯನ್ನು ಹೆಚ್ಚಿಸಿ, ಎರಡು ಅಚ್ಚಿನ ಲಾರಿಯ ಒಟ್ಟು ತೂಕವನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿದೆ. ಅದಕ್ಕೂ ಮೀರಿದರೆ ಬ್ರೇಕು ಕೇಳದು, ರಸ್ತೆ ತಾಳದು.

ಇವೆಲ್ಲವೂ ಚಾಲಕನ ಕೈಕಾಲುಗಳಲ್ಲಿವೆ, ಮಾಲೀಕನ ಉಪದೇಶದಲ್ಲಿಲ್ಲ. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ದಾಸೋಹದ ಅಕ್ಕಿ ಸುತ್ತಲಿನ ಹಳ್ಳಿಗಳಿಂದ ಎತ್ತಿನ ಗಾಡಿಗಳಲ್ಲಿ ಬರುತ್ತಿತ್ತು. ಗಾಡಿಯವನು ಏರು ಬಂದಾಗ ಕೆಳಗಿಳಿದು ತಾನೂ ಹೆಗಲು ಕೊಡುತ್ತಿದ್ದನು. ಇಳಿಜಾರಿನಲ್ಲಿ ಎತ್ತಿಗೆ ಉಸಿರಾಡಲು ಬಿಡುತ್ತಿದ್ದನು. ಹೊರಡುವ ಮುನ್ನ ಕೀಲೆಣ್ಣೆ ಹಾಕುವುದನ್ನು ಮರೆಯುತ್ತಿರಲಿಲ್ಲ. ಎತ್ತು ದಣಿದರೆ ಅವನ ಕಣ್ಣಿಗೆ ಕಾಣುತ್ತಿತ್ತು. ಎಂಜಿನ್ನಿನ ದಣಿವು ಕಣ್ಣಿಗೆ ಕಾಣುವುದಿಲ್ಲ. ಬಂಕಿನ ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ, ಆ ಬಿಲ್ಲು ಚಾಲಕನದಲ್ಲ. ಆದುದರಿಂದ ಉಳಿದ ಎಣ್ಣೆಯಲ್ಲಿ ಚಾಲಕನಿಗೂ ಪಾಲು ಕೊಡಬೇಕು. “ಬೇಗ ಬಾ, ಬೇಗ ಬಾ” ಎಂದು ಫೋನಿನಲ್ಲಿ ಅವಸರ ಮಾಡುತ್ತ “ನಿಧಾನ ಓಡಿಸು” ಎಂದು ಹೇಳುವ ಮಾಲೀಕನ ಮಾತಿಗೆ ಬೆಲೆಯಿಲ್ಲ.

ಈ ಅವಸರದ ದೋಷ ನಮ್ಮಲ್ಲಿಯೂ ಇದೆಯೆಂದು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಜಾತ್ರೆಯ ದಾಸೋಹಕ್ಕೆ ಗಂಗಾವತಿಯಿಂದ ಅಕ್ಕಿಯ ಲಾರಿ ಬಂದಿತು. ಉಗ್ರಾಣದ ಹೊಣೆ ನಮ್ಮದಾಗಿತ್ತು. ಅಂದು ರಾತ್ರಿ ಮೂರು ಬಾರಿ “ಇದೋ ಬಂದೆವು” ಎಂದು ಹೇಳಿ ಕಳುಹಿಸಿ, ಬೇರೆ ಕೆಲಸಗಳಲ್ಲಿ ಮುಳುಗಿ ಹೋದೆವು. ನಮ್ಮ ಮಾತನ್ನು ನಂಬಿದ ಚಾಲಕನು ಎಂಜಿನ್ ಆರಿಸದೆ ನಾಲ್ಕು ಗಂಟೆ ಕುಳಿತಿದ್ದನು. ಹೊಗೆಯು ಯಾತ್ರಿಕರು ಮಲಗಿದ್ದ ಪಡಸಾಲೆಗೆ ಹೋಗುತ್ತಿತ್ತು. ಅಂದು ಅದು ನಮಗೆ ತಪ್ಪೆಂದೇ ತೋರಲಿಲ್ಲ. ಸರಕು ತರಿಸುವ ವ್ಯಾಪಾರಿಗಳು, ಮದುವೆ ಮಾಡುವ ಮನೆಯವರು, ಮಠಗಳ ಉಗ್ರಾಣದವರು, ಯಾರೇ ಆಗಲಿ, ಲಾರಿ ಬರುವ ಹೊತ್ತಿಗೆ ಇಳಿಸುವ ಆಳುಗಳನ್ನು ಸಿದ್ಧವಾಗಿಟ್ಟರೆ ಅದೂ ಎಣ್ಣೆಯ ಉಳಿತಾಯವೇ.

ವ್ಯಕ್ತಿಗಳಿಂದ ಆಗದ, ವ್ಯವಸ್ಥೆಯಿಂದಲೇ ಆಗಬೇಕಾದ ಕಾರ್ಯಗಳೂ ಇವೆ. ಅದಕ್ಕೂ ನಮ್ಮ ನಾಡಿನಲ್ಲಿ ಒಳ್ಳೆಯ ಮಾದರಿಗಳಿಲ್ಲದೆ ಇಲ್ಲ. ಕುದುರೆಮುಖದ ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟದ ಇಳಿಜಾರಿನ ಬಲದಿಂದಲೇ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ಅಲ್ಲಿಯ ಗಣಿಗಾರಿಕೆಯು ಅರಣ್ಯದ ಕಾರಣದಿಂದ 2005ರ ಕೊನೆಗೆ ನಿಂತಿತು. ಅದು ಬೇರೆಯೇ ವಿಚಾರ. ಆದರೆ ಇತ್ತ ಬಳ್ಳಾರಿ ಸೀಮೆಯಲ್ಲಿ ಅದೇ ಅದಿರು ಲಾರಿಗಳ ಮೇಲೆ ಹೋಗಿ, ಊರೂರುಗಳು ಕೆಂಪು ಧೂಳಿನಲ್ಲಿ ಮುಳುಗಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಈಗ ಸಂಡೂರು ಕಡೆಯ ನಂದಿಹಳ್ಳಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸುಮಾರು 24 ಕಿಲೋಮೀಟರ್ ಉದ್ದದ ಮುಚ್ಚಿದ ಸಾಗಣೆ ಪಟ್ಟಿಯಲ್ಲಿ ಅದಿರು ಹೋಗುತ್ತಿದೆ. ಅಷ್ಟು ಲಾರಿಗಳ ಓಟ ಕಡಿಮೆಯಾಯಿತು.

ಮಾರತ್ತಹಳ್ಳಿಯ ಆಸುಪಾಸಿನಲ್ಲಿಯೇ ಇಂತಹ ಉದಾಹರಣೆಗಳಿವೆ. ಮಂಗಳೂರಿನಿಂದ ಹಾಸನದ ಮೇಲೆ ಹಾದು ಹೊಸಕೋಟೆ ಬಳಿಯ ದೇವನಗುಂದಿಗೆ 360ಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವು 2003ರಿಂದ ಡೀಸೆಲ್, ಪೆಟ್ರೋಲ್‌ಗಳನ್ನು ತರುತ್ತಿದೆ. ಅದಿಲ್ಲದಿದ್ದರೆ ಆ ಎಣ್ಣೆಯನ್ನು ತರಲು ಟ್ಯಾಂಕರುಗಳು ಘಟ್ಟ ಹತ್ತಿ ಎಣ್ಣೆ ಸುಡಬೇಕಾಗಿತ್ತು. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ನಿಲ್ದಾಣದಿಂದ ಚೆನ್ನೈ ಬಂದರಿಗೆ ಸರಕು ರೈಲಿನಲ್ಲಿ ಹೋಗುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ತಡೆಯು ಡಾಂಬರಿನ ಮೇಲೆ ಉರುಳುವ ಟೈರಿನ ತಡೆಗಿಂತ ಹಲವು ಪಾಲು ಕಡಿಮೆ. ಲಾರಿಯನ್ನೇ ಸರಕು ಸಮೇತ ರೈಲಿನ ಮೇಲೆ ಹತ್ತಿಸುವ ಪದ್ಧತಿಯನ್ನು ಕೊಂಕಣ ರೈಲ್ವೆಯು 1999ರಲ್ಲಿ ಆರಂಭಿಸಿತು. 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೂ ಅಂತಹ ರೈಲು ಹೊರಟಿತು. ನಲವತ್ತಕ್ಕೂ ಹೆಚ್ಚು ಲಾರಿಗಳು ಒಂದೇ ರೈಲಿನಲ್ಲಿ, ಚಾಲಕರು ವಿಶ್ರಾಂತಿಯಲ್ಲಿ! ಇಂತಹ ಸೇವೆಗಳು ಎಲ್ಲ ದಿಕ್ಕಿಗೂ, ಸಣ್ಣ ಮಾಲೀಕನ ಕೈಗೆಟಕುವ ದರದಲ್ಲಿ ದೊರೆಯಬೇಕೆಂದು ನಾವು ಕೇಳಬೇಕು.

ಹೊರ ವರ್ತುಲ ರಸ್ತೆಯ ಕಥೆಯೂ ಪಾಠವೇ. ಊರೊಳಗೆ ಬರುವ ಲಾರಿಗಳು ಹೊರಗಿನಿಂದಲೇ ಸುತ್ತಿ ಹೋಗಲೆಂದು ಆ ರಸ್ತೆಯನ್ನು ಮಾಡಿದರು. ಅದು ಮುಗಿಯುವಷ್ಟರಲ್ಲಿ ಊರೇ ರಸ್ತೆಯನ್ನು ದಾಟಿ ಹೊರಗೆ ಹೋಯಿತು. ಮಾರತ್ತಹಳ್ಳಿ, ಬೆಳ್ಳಂದೂರುಗಳಲ್ಲಿ ಗಾಜಿನ ಕಟ್ಟಡಗಳೆದ್ದವು. ಈಗ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ಇನ್ನೂ ದೂರದ ವರ್ತುಲ ರಸ್ತೆ ತೆರೆದಿದೆ. ಊರು ಮತ್ತೆ ಅದನ್ನು ನುಂಗುವ ಮುನ್ನ ಲಾರಿಗಳಿಗೆ ಅಲ್ಲಿ ತಂಗುದಾಣ, ಸರಕು ಬದಲಿಸುವ ಸ್ಥಳಗಳು ಆಗಬೇಕು. ವಿದ್ಯುತ್ ಲಾರಿಗಳಿಗೆ ಕೇಂದ್ರ ಸರ್ಕಾರವು 2024ರ ಯೋಜನೆಯಲ್ಲಿ 500 ಕೋಟಿ ರೂಪಾಯಿ ತೆಗೆದಿಟ್ಟು, ಒಂದು ಲಾರಿಗೆ ಗರಿಷ್ಠ 9.6 ಲಕ್ಷದವರೆಗೆ ಸಹಾಯಧನವನ್ನು 2025ರಲ್ಲಿ ಪ್ರಕಟಿಸಿದೆ. ಆದರೂ ಆ ಲಾರಿಗಳ ಬೆಲೆ ಎರಡು ಲಾರಿಯ ಮಾಲೀಕನಿಗೆ ಇನ್ನೂ ದೂರದ ಮಾತು. ಅವನ ಕೈಯಲ್ಲಿ ಇಂದು ಇರುವುದು ವೇಗ, ಟೈರಿನ ಗಾಳಿ, ಎಂಜಿನ್ನಿನ ಕೀಲಿಕೈ ಮತ್ತು ಮನಸ್ಸಾಕ್ಷಿ.

ಇಷ್ಟನ್ನೂ ನಾವು ಆ ಯಜಮಾನರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಎಲ್ಲರೂ ಪೆಟ್ಟಿಗೆ ಹಾಕಿಸಿಕೊಂಡು ಕಡಿಮೆ ಬಾಡಿಗೆಗೆ ಓಡಿಸಿದರೆ ನಾನೊಬ್ಬ ಹೇಗೆ ನಿಲ್ಲಲಿ?” ಎಂದರು. ಈ ಮಾತಿನಲ್ಲಿ ನ್ಯಾಯವಿದೆ. ತಪಾಸಣೆ ಸರಿಯಾಗಿ ನಡೆಯದಿದ್ದರೆ ಪ್ರಾಮಾಣಿಕನಿಗೇ ದಂಡ ಬಿದ್ದಂತೆ. ಅದನ್ನು ಸರ್ಕಾರ ಸರಿಪಡಿಸಬೇಕು. ಆದರೆ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಹೋದ ಉಸಿರೂ ಹಾಗೆಯೇ. ಕಾಯಕವೆಂದರೆ ದುಡಿಮೆ ಮಾತ್ರವಲ್ಲ. ಆ ದುಡಿಮೆಯಿಂದ ಇನ್ನೊಂದು ಜೀವಕ್ಕೆ ಕೇಡಾಗದಂತೆ ನೋಡಿಕೊಳ್ಳುವುದೂ ಅದರೊಳಗೆ ಸೇರಿದೆ.

ಶಿವರಾತ್ರಿಯ ಹೊತ್ತಿಗೆ ಅವರು ನಮ್ಮಲ್ಲಿಗೆ ಬಂದರು. ಕೈಯಲ್ಲಿ ಒಂದು ನೋಟ್ ಬುಕ್ಕು. ಪೆಟ್ಟಿಗೆ ಹಾಕಿಸಿರಲಿಲ್ಲ. ಹೊಸ ಲಾರಿಯಲ್ಲಿ ತಿಂಗಳಿಗೆ ಉಳಿದದ್ದು ನಾವು ಲೆಕ್ಕ ಹಾಕಿದ ನೂರು ಲೀಟರ್ ಅಲ್ಲ, ಅರವತ್ತೈದು. ಹಳೆಯ ಲಾರಿಯಲ್ಲಿ ಇನ್ನೂ ಕಡಿಮೆ. ಉಳಿದ ಹಣದಲ್ಲಿ ಮೂರನೆಯ ಒಂದು ಪಾಲನ್ನು ಚಾಲಕನಿಗೆ ಕೊಟ್ಟಿದ್ದರು. ಮಿಕ್ಕದ್ದು ಯೂರಿಯಾದ ಖರ್ಚಿಗೆ ಪೂರ್ತಿ ಸಾಲದೆ, ತಿಂಗಳಿಗೆ ಸಾವಿರ ರೂಪಾಯಿಯಷ್ಟು ಕೈಯಿಂದ ಬೀಳುತ್ತಿತ್ತು.

ನಮ್ಮ ಲೆಕ್ಕ ತಪ್ಪಿದ್ದಕ್ಕೆ ನಾವು ಸಂಕೋಚಪಟ್ಟೆವು. ಅವರು ನಕ್ಕು, “ಆ ಸಾವಿರವನ್ನು ದಾಸೋಹಕ್ಕೆ ಬರೆದುಕೊಂಡಿದ್ದೇನೆ, ಗುರುಗಳೇ” ಎಂದು ನೋಟ್ ಬುಕ್ಕಿನ ಆ ಪುಟವನ್ನು ತೋರಿಸಿದರು.

ಮಗುವಿನ ಉಬ್ಬಸ ಗುಣವಾಯಿತೇ ಎಂದು ಕೇಳಿದೆವು. ಇಲ್ಲವೆಂದರು. ಒಂದು ಲಾರಿ ಶುದ್ಧವಾದ ಮಾತ್ರಕ್ಕೆ ಮಾರತ್ತಹಳ್ಳಿಯ ಗಾಳಿ ಶುದ್ಧವಾಗಲಾರದು. ಪೂಜೆಯ ಮಣೆಯನ್ನು ಆ ತಾಯಿಯವರು ಈಗಲೂ ಎರಡು ಹೊತ್ತು ಒರೆಸುತ್ತಾರೆ. ಆದರೆ ಆ ವಸ್ತ್ರದ ಮಸಿಯಲ್ಲಿ ತನ್ನ ಪಾಲನ್ನು ಕಡಿಮೆ ಮಾಡಿದೆನೆಂಬ ಸಮಾಧಾನ ಆ ಮನೆಯಲ್ಲಿದೆ. ಲಾರಿ ಇರುವ ಪ್ರತಿಯೊಂದು ಮನೆಯಲ್ಲಿಯೂ, ಲಾರಿಯನ್ನು ಕಾಯಿಸುವ ಪ್ರತಿಯೊಂದು ಉಗ್ರಾಣದಲ್ಲಿಯೂ ಇಂತಹ ಒಂದು ನೋಟ್ ಬುಕ್ಕು ಆರಂಭವಾಗಲಿ ಎಂದು ಹಾರೈಸುತ್ತೇವೆ.